ಕೇರಿಯ ಹೆಸರು, ಲೇಔಟಿನ ಹೆಸರು

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ, ಮೈಸೂರಿನಲ್ಲಿ ಕನ್ನಡ ಎಂ.ಎ. ಓದುತ್ತಿರುವ ಹುಡುಗನೊಬ್ಬ ಪಟ್ಟಿಯೊಂದನ್ನು ಹಿಡಿದು ಮನೆಗೆ ಬಂದ. ಊರೊಂದರ ಬೀದಿಗಳನ್ನು ಪಠ್ಯದ ಹಾಗೆ ಓದಿ ಪ್ರಬಂಧ ಬರೆಯುವುದು ಅವನಿಗೆ ಸಿಕ್ಕಿದ್ದ ಕೆಲಸ. ಅವನು ಆರಿಸಿಕೊಂಡ ವಿಷಯ ‘ಜೆಂಟ್ರಿಫಿಕೇಷನ್’. ಬಡವರಿದ್ದ ಕೇರಿಗೆ ಕಾಸಿದ್ದವರು ಬಂದು ನೆಲೆಸಿ, ಬಾಡಿಗೆ ಏರಿ, ಮೊದಲಿದ್ದವರು ಸದ್ದಿಲ್ಲದೆ ಜಾಗ ಖಾಲಿ ಮಾಡುವುದಕ್ಕೆ ಇರುವ ಹೆಸರು ಅದು. ಅದನ್ನು ಪತ್ತೆ ಹಚ್ಚುವ ಗುರುತುಗಳು ಪಟ್ಟಿಯಲ್ಲಿದ್ದವು: ಹಳೇ ಕಟ್ಟಡದಲ್ಲಿ ಹೊಸ ಕೆಫೆ, ಇಟ್ಟಿಗೆ ಕಾಣುವಂತೆ ಬಿಟ್ಟ ಗೋಡೆ, ಗೋಡೆಯ ಮೇಲೆ ದೊಡ್ಡ ಬಣ್ಣದ ಚಿತ್ರ, ಯೋಗ ಸ್ಟುಡಿಯೊ, ಬೆಳಿಗ್ಗೆ ನಾಯಿ ಹಿಡಿದು ವಾಕಿಂಗ್ ಹೊರಟವರು.

“ಸಾರ್, ನಂಜನಗೂಡು, ನರಸೀಪುರ ಎರಡನ್ನೂ ಸುತ್ತಿ ಬರೋಣ” ಅಂದ. ಅವನ ಊರು ನರಸೀಪುರದ ಕಡೆಯದು. ಹೊರಟೆವು.

ನಂಜನಗೂಡಿನಲ್ಲಿ ರೈಲಿಳಿದು ಮಧ್ಯಾಹ್ನದವರೆಗೆ ನಡೆದೆವು. ಪಟ್ಟಿಯಲ್ಲಿ ಒಂದಕ್ಕೂ ಗೀಟು ಬೀಳಲಿಲ್ಲ. ಕಾಫಿ ಇದೆ, ಆದರೆ ಅದು ಕೆಫೆಯಲ್ಲಿಲ್ಲ, ಊರಾಚೆಯ ನೆಸ್ಲೆ ಕಾರ್ಖಾನೆಯಲ್ಲಿದೆ. ಇಟ್ಟಿಗೆ ಕಾಣುವ ಗೋಡೆಗಳಂತೂ ಬೇಕಾದಷ್ಟಿವೆ. ಗಾರೆ ಮಾಡಿಸಲು ದುಡ್ಡು ಸಾಲದೆ ನಿಂತ ಗೋಡೆಗಳು ಅವು. ಹುಡುಗ ಅವುಗಳ ಮುಂದೆ ನಿಂತು ಗೀಟು ಹಾಕುವುದೋ ಬೇಡವೋ ಎಂದು ಯೋಚಿಸಿದ್ದನ್ನು ನೋಡಿ ನಗು ಬಂತು. ಆಮೇಲೆ, ನಾವು ಕನ್ನಡದಲ್ಲಿ ವಿಮರ್ಶೆ ಎಂದು ಮಾಡುವುದರಲ್ಲಿ ಅರ್ಧ ಹೀಗೇ ಅಲ್ಲವೇ ಅನ್ನಿಸಿ ನಗು ನಿಂತಿತು.

ಆ ಪದವನ್ನು 1964ರಲ್ಲಿ ಟಂಕಿಸಿದವರು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್. ಲಂಡನ್ನಿನ ಕೂಲಿಕಾರರ ಮನೆಗಳನ್ನು ಮಧ್ಯಮ ವರ್ಗದವರು ಒಂದೊಂದಾಗಿ ಕೊಂಡು ಚೆಂದ ಮಾಡಿಕೊಂಡು ಕೂರುವುದನ್ನು ನೋಡಿ, ಇಂಗ್ಲೆಂಡಿನ ಹಳೆಯ ಭೂಮಾಲೀಕ ಕುಲೀನರಿಗಿದ್ದ ‘ಜೆಂಟ್ರಿ’ ಎಂಬ ಹೆಸರಿಗೆ ಬಾಲ ಸೇರಿಸಿ ಅವರು ಈ ಮಾತು ಮಾಡಿದರು. ಅದರಲ್ಲೊಂದು ಚುಚ್ಚುಮಾತೂ ಇದೆ. ಕನ್ನಡದಲ್ಲಿ ಇದಕ್ಕೆ ನೆಲೆ ನಿಂತ ಪದವಿಲ್ಲ. ಹುಡುಗ ‘ಕುಲೀನೀಕರಣ’ ಎಂದು ಬರೆದುಕೊಂಡಿದ್ದ. ಬಾಯಿಗೆ ಒಗ್ಗದ ಪದ. ಆದರೂ ಅದು ಮೂಲ ಪದ ಹೇಳದ ಒಂದು ಸಂಗತಿಯನ್ನು ಹೇಳುತ್ತದೆ, ಏಕೆಂದರೆ ಅದರೊಳಗೆ ‘ಕುಲ’ ಇದೆ. ಲಂಡನ್ನಿನ ಕಥೆ ನಡೆಯಬೇಕಾದರೆ ಕೂಲಿಕಾರನ ಮನೆಯನ್ನು ವಕೀಲನೊಬ್ಬ ಕೊಳ್ಳಲು ಮನಸ್ಸು ಮಾಡಬೇಕು. ನಮ್ಮ ಊರುಗಳಲ್ಲಿ ಕೇರಿಯ ಮನೆಯನ್ನು ಕೇರಿಯಾಚೆಯವರು ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳುವುದಿಲ್ಲ. ಕೇರಿಯವರು ದುಡ್ಡು ಹಿಡಿದು ಬಂದರೂ ಮೇಲಿನ ಬೀದಿಯವರು ಕೊಡುವುದಿಲ್ಲ. ನಂಜನಗೂಡಿನಲ್ಲಿ ಹಿಂದೊಮ್ಮೆ ಗೆಳೆಯನೊಬ್ಬನಿಗೆ ಬಾಡಿಗೆ ಮನೆ ಹುಡುಕಲು ಹೋಗಿದ್ದೆ. ಅಡ್ವಾನ್ಸಿನ ಮಾತು ಬರುವ ಮೊದಲೇ “ನೀವು ಯಾವ ಪೈಕಿ?” ಎಂಬ ಮಾತು ಬಂತು. ಗೆಳೆಯ ಉತ್ತರ ಹೇಳಿದ. ಮನೆಯಾಕೆ “ಅಯ್ಯೋ, ನಿನ್ನೇನೇ ಒಬ್ಬರಿಗೆ ಮಾತು ಕೊಟ್ಟುಬಿಟ್ವಲ್ಲ” ಎಂದು ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟು ಕಳಿಸಿದರು. ‘ಬಾಡಿಗೆಗೆ ಇದೆ’ ಎಂಬ ಬೋರ್ಡು ಒಂದು ತಿಂಗಳು ಅಲ್ಲೇ ತೂಗುತ್ತಿತ್ತು.

ಶ್ರೀಕಂಠೇಶ್ವರನ ಗುಡಿಯ ಸುತ್ತಲ ಬೀದಿಗಳಲ್ಲಿ ಕಥೆ ತಿರುಗುಮುರುಗಾಗಿದೆ. ಅಲ್ಲಿಗೆ ಯಾವ ಜೆಂಟ್ರಿಯೂ ಬರಲಿಲ್ಲ. ಇದ್ದವರೇ ಎದ್ದು ಹೋದರು. ಮೊದಲು ಮೈಸೂರಿಗೆ, ಆಮೇಲೆ ಬೆಂಗಳೂರಿಗೆ, ಅಲ್ಲಿಂದ ಸಮುದ್ರದಾಚೆಗೆ. ಜಗಲಿಯ ಮನೆಗಳಿಗೆ ಬೀಗ ಬಿದ್ದಿದೆ; ಕೆಲವು ಅಣ್ಣತಮ್ಮಂದಿರ ಪಾಲಿನಲ್ಲಿ ಉದ್ದಕ್ಕೆ ಸೀಳಿವೆ; ಕೆಲವು ಯಾತ್ರಿಕರ ವಸತಿಯಾಗಿವೆ. ಇಂಥ ಮನೆಗಳ ಮೇಲೆ ಕನ್ನಡದಲ್ಲಿ ಬಂದ ನೆನಪಿನ ಪ್ರಬಂಧಗಳಿಗೆ ಲೆಕ್ಕವಿಲ್ಲ. ತೊಟ್ಟಿ, ಜಗಲಿ, ಅಜ್ಜಿ, ಹಿತ್ತಲಿನ ರಸಬಾಳೆ. ಚೆನ್ನಾಗಿಯೇ ಬರೆದಿದ್ದಾರೆ, ನಾನೂ ಎರಡು ಬರೆದಿದ್ದೇನೆ. ಆದರೆ ಆ ಜಗಲಿಯ ಮೇಲೆ ಕೂರಲಾಗದೆ ಬೀದಿಯಲ್ಲೇ ನಿಂತು ಮಾತು ಮುಗಿಸಿ ಹೋದವರು ಆ ಪ್ರಬಂಧಗಳಲ್ಲಿ ಬರುವುದು ಬಲು ಅಪರೂಪ. ಬಂದರೂ ಸೊಪ್ಪು ಕೊಟ್ಟು ಹೋಗುತ್ತಾರೆ.

ಪಟ್ಟಿಯನ್ನು ಮಡಿಸಿ ಜೇಬಿನಲ್ಲಿಡು, ಹೆಸರುಗಳನ್ನು ಓದೋಣ ಎಂದೆ. ಕಪಿಲೆಯ ಕಡೆ ಇಳಿದರೆ ಹಳ್ಳದಕೇರಿ, ತೋಪಿನ ಬೀದಿ, ಒಕ್ಕಲಗೇರಿ. ಯಾವ ಕಮಿಟಿಯೂ ಕೂತು ಇಟ್ಟ ಹೆಸರುಗಳಲ್ಲ ಇವು. ಒಕ್ಕಲಗೇರಿ ಅಲ್ಲಿ ಯಾರಿದ್ದರು ಎಂದು ಹೇಳುತ್ತದೆ, ಹಳ್ಳದಕೇರಿ ನೆಲ ಹೇಗಿದೆ ಎಂದು. 2018ರ ಆಗಸ್ಟಿನಲ್ಲೂ 2019ರ ಆಗಸ್ಟಿನಲ್ಲೂ ಕಬಿನಿ ಜಲಾಶಯ ತುಂಬಿ ನೀರು ಬಿಟ್ಟಾಗ ಹೊಳೆ ಮನೆಗಳೊಳಕ್ಕೆ ಬಂದದ್ದು ಇಂಥ ತಗ್ಗಿನ ಕೇರಿಗಳಲ್ಲೇ. ಅದೇ ಸಮಯಕ್ಕೆ ಮಲ್ಲನಮೂಲೆಯ ಹತ್ತಿರ ಮೈಸೂರು ರಸ್ತೆಯ ಮೇಲೂ ನೀರು ಹರಿದು ವಾಹನ ನಿಂತವು. ಹೆಸರಿನಲ್ಲಿ ಎಚ್ಚರಿಕೆ ಮೊದಲೇ ಇತ್ತು. ಹಳ್ಳದಲ್ಲಿ ಯಾರಿಗೆ ಜಾಗ ಕೊಟ್ಟರು ಎಂಬುದೂ ಆ ಹೆಸರಿನಲ್ಲೇ ಇದೆ, ಓದುವವರಿಗೆ.

ಊರು ದಾಟಿ ಮೈಸೂರು ರಸ್ತೆಗೆ ಬಂದರೆ ಬೇರೆ ಹೆಸರುಗಳು. ವ್ಯಾಲಿ, ಮೆಡೋಸ್, ಗ್ರೀನ್, ಎನ್‌ಕ್ಲೇವ್. ಕಣಿವೆ ಇಲ್ಲದ ಕಡೆ ವ್ಯಾಲಿ. ಗದ್ದೆ ತೆಗೆದ ಕಡೆ ಗ್ರೀನ್. ಈ ಹೆಸರುಗಳು ಅಲ್ಲಿ ಏನಿತ್ತು ಎಂದು ಹೇಳುವುದಿಲ್ಲ, ಮರೆಸುತ್ತವೆ. ನಾಳೆ ಅದರೊಳಗೆ ಮನೆ ಕಟ್ಟಿದವನಿಗೆ ತನ್ನ ಸೈಟು ಹಳ್ಳದಲ್ಲಿದೆಯೋ ದಿಣ್ಣೆಯಲ್ಲಿದೆಯೋ ಗೊತ್ತಾಗಬೇಕಾದರೆ ಮಳೆ ಬರಬೇಕು.

ನನ್ನ ತಕರಾರು ಇಷ್ಟು. ಈ ಊರುಗಳಲ್ಲಿ ಕುಲೀನೀಕರಣ ಬೀದಿಯಲ್ಲಿ ನಡೆಯುತ್ತಿಲ್ಲ, ಗದ್ದೆಯಲ್ಲಿ ನಡೆಯುತ್ತಿದೆ. ಜಾತಿ ಹಳೆಯ ಮನೆಗಳನ್ನು ಕೈ ಬದಲಾಯಿಸಲು ಬಿಡದ ಕಾರಣ ಕಾಸು ಊರಿನ ಅಂಚಿಗೆ ಹರಿಯುತ್ತದೆ. ಜನಗಣತಿಯ ಪ್ರಕಾರ ನಂಜನಗೂಡು ಪಟ್ಟಣದಲ್ಲಿ 2001ರಲ್ಲಿ ಇದ್ದವರು ಸುಮಾರು 48 ಸಾವಿರ, 2011ರಲ್ಲಿ ಸುಮಾರು 50 ಸಾವಿರ. ಹತ್ತು ವರ್ಷದಲ್ಲಿ ಊರು ಬೆಳೆದದ್ದು ಅಷ್ಟೇ. ಬೆಳೆದದ್ದು ರಸ್ತೆ. ಕೋಳಿಕ್ಕೋಡಿನಿಂದ ಬರುವ 766ನೇ ರಾಷ್ಟ್ರೀಯ ಹೆದ್ದಾರಿ ನಂಜನಗೂಡು ಹಾದು ಮೈಸೂರು ಮುಟ್ಟಿ, ಅಲ್ಲಿಂದ ನರಸೀಪುರ ಹಾದು ಕೊಳ್ಳೇಗಾಲಕ್ಕೆ ಹೋಗುತ್ತದೆ. ಒಂದೇ ದಾರದಲ್ಲಿ ಎರಡೂ ಊರು. ಒಂದು ಕಡೆ ಕಡಕೊಳ, ಇನ್ನೊಂದು ಕಡೆ ವರುಣ. ಎರಡೂ ಕಡೆ ಕಲ್ಲು ನೆಟ್ಟ ಹೊಲಗಳು. ಯೋಜನಾ ಕಡತಗಳಲ್ಲಿ ‘ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶ’ ಎಂದೇ ಹೆಸರು. ಆ ಎರಡು ಊರಿನ ನಡುವಿನ ಗೀಟಿನಲ್ಲಿ ಎಷ್ಟು ಹಳ್ಳಿಗಳಿವೆ ಎಂದು ಗೀಟು ಹೇಳುವುದಿಲ್ಲ.

ಮುಂದಿನ ವಾರ ನರಸೀಪುರಕ್ಕೆ ಹೋದೆವು. ತಿರುಮಕೂಡಲು ಎಂಬ ಹೆಸರಲ್ಲೇ ಕೂಡಲು ಇದೆ. ಕಾವೇರಿ ಕಪಿಲೆಯರು ಕೂಡುವ ಜಾಗ. ಬಸ್ಸಿನ ಬೋರ್ಡು ಅದನ್ನು ‘ತಿ.’ ಎಂದು ಮಡಿಸಿ ಇಟ್ಟುಬಿಟ್ಟಿದೆ. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುವ ರೂಢಿ ಬಂದಿದೆ. ಆಗ ಮಾತ್ರ ‘ತಿ.’ ಬಿಚ್ಚಿಕೊಂಡು ಫ್ಲೆಕ್ಸುಗಳಲ್ಲಿ ಪೂರ್ತಿ ಹೆಸರಾಗುತ್ತದೆ. ಗುಂಜಾ ನರಸಿಂಹಸ್ವಾಮಿ ಗುಡಿಯ ಬೀದಿ, ಸಂತೆಮಾಳ, ಬಸ್‌ಸ್ಟ್ಯಾಂಡು, ಎಲ್ಲೂ ಹುಡುಗನ ಪಟ್ಟಿಗೆ ಕೆಲಸವಿರಲಿಲ್ಲ. ಸೋಮನಾಥಪುರದ ಕಡೆ ಹೋಗುವ ದಾರಿಯಲ್ಲಿ ಅವನು ಆಟೊ ನಿಲ್ಲಿಸಿದ. ರಸ್ತೆ ಬದಿ ಕಮಾನು, ಕಮಾನಿನಾಚೆ ಕೆಮ್ಮಣ್ಣಿನ ಅಡ್ಡರಸ್ತೆಗಳು, ಬಿಳಿ ಸುಣ್ಣ ಬಳಿದ ಸೈಟಿನ ಕಲ್ಲುಗಳು, ನಡುವೆ ಇನ್ನೂ ಒಣಗದ ಒಂದು ಬದು.

“ಇಲ್ಲಿಗೆ ನಮ್ಮವ್ವ ನಾಟಿಗೆ ಬರ್ತಿದ್ರು ಸಾರ್” ಅಂದ.

ಎರಡು ವಾರದಿಂದ ಜೊತೆಗೆ ತಿರುಗುತ್ತಿದ್ದವನು ಈ ಮಾತನ್ನು ಅಲ್ಲಿಯವರೆಗೆ ಆಡಿರಲಿಲ್ಲ. ಪಟ್ಟಿಯಲ್ಲಿ ಇದಕ್ಕೆ ಜಾಗವಿರಲಿಲ್ಲ, ಅದಕ್ಕೇ ಇರಬೇಕು. ಜಮೀನು ಯಾರದು ಎಂದು ಕೇಳಿದೆ. ಅವರದಲ್ಲ, ಯಾವತ್ತೂ ಅವರದಾಗಿರಲಿಲ್ಲ. ಗದ್ದೆ ಮಾರಿದವರಿಗೆ ದುಡ್ಡು ಬಂತು, ಕೊಂಡವರಿಗೆ ಸೈಟು ಬಂತು. ವರ್ಷಕ್ಕೆ ಎರಡು ಬೆಳೆಗೆ ನಾಟಿ, ಕಳೆ, ಕೊಯ್ಲು ಎಂದು ಬಗ್ಗುತ್ತಿದ್ದವರಿಗೆ ಬಂದದ್ದು ಏನೂ ಇಲ್ಲ. ಅವರ ಹೆಸರು ಪಹಣಿಯಲ್ಲಿಲ್ಲ. ಲಂಡನ್ನಿನ ಬಾಡಿಗೆದಾರನಿಗೆ ಜಾಗ ಖಾಲಿ ಮಾಡು ಎಂದು ಹೇಳಲಾದರೂ ಒಬ್ಬರು ಬರುತ್ತಿದ್ದರು. ಇಲ್ಲಿ ಬೇಸಾಯದ ಸಮಯಕ್ಕೆ ಯಾರೂ ಕರೆಯಲು ಬರುವುದಿಲ್ಲ, ಅಷ್ಟೇ. ಹುಡುಗನ ತಾಯಿ ಈಗ ಗಾರ್ಮೆಂಟ್ಸಿನ ವ್ಯಾನು ಹತ್ತುತ್ತಾರೆ.

1974ರ ಭೂಸುಧಾರಣೆ ತಿದ್ದುಪಡಿ ಉಳುವ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ದೊಡ್ಡ ಕೆಲಸವೇ. ಆದರೆ ‘ಉಳುವವ’ ಎಂಬ ಪದದಲ್ಲಿ ನಾಟಿ ಹಾಕುವವಳು ಇರಲಿಲ್ಲ, ವ್ಯಾಕರಣದಲ್ಲೂ ಇಲ್ಲ, ಕಾಯ್ದೆಯಲ್ಲೂ ಇಲ್ಲ. 2020ರ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಬೇಸಾಯ ಮಾಡದವರೂ ಬೇಸಾಯದ ಜಮೀನು ಕೊಳ್ಳಬಹುದು ಎಂದಿತು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ಸೆಪ್ಟೆಂಬರಿನಲ್ಲಿ ಬೇಲೂರು ಹಳೇಬೀಡುಗಳ ಜೊತೆ ಸೋಮನಾಥಪುರವೂ ಯುನೆಸ್ಕೊ ಪಟ್ಟಿ ಸೇರಿತು. ಯಾವುದು ಯಾವುದಕ್ಕೆ ಎಷ್ಟು ಕಾರಣ ಎಂದು ಲೆಕ್ಕ ಹಾಕುವ ವಿದ್ಯೆ ನನ್ನದಲ್ಲ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವ ಕಾರುಗಳಿಗೆ ದಾರಿ ಸಲೀಸಾಗಿದೆ ಎಂಬುದು ಮಾತ್ರ ಕಣ್ಣಿಗೆ ಕಾಣುತ್ತದೆ.

ಸೋಮನಾಥಪುರದ ಗುಡಿಯ ಬಾಗಿಲಲ್ಲೇ ಎತ್ತರದ ಶಾಸನದ ಕಲ್ಲಿದೆ. ಬಂದವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಒಳಗೆ ಹೋಗುತ್ತಾರೆ. ಹದಿಮೂರನೇ ಶತಮಾನದಲ್ಲಿ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಇಲ್ಲಿ ಅಗ್ರಹಾರ ಮಾಡಿ, ಅದಕ್ಕೆ ತನ್ನ ಹೆಸರನ್ನೇ ಇಟ್ಟು, ಗುಡಿ ಕಟ್ಟಿಸಿದ. ಅಗ್ರಹಾರವೆಂದರೆ ವಿದ್ವಾಂಸರಿಗೆ ವೃತ್ತಿಗಳಾಗಿ ಹಂಚಿದ ಭೂಮಿ; ಕೆಲಸ ಮಾಡುವವರು ಬೇರೆ, ಪಾಲು ಪಡೆಯುವವರು ಬೇರೆ. ಕುಲೀನೀಕರಣ ಎಂಬ ಮಾತು ನಿಜವಾಗಿ ಒಪ್ಪುವುದು ಈ ಕಲ್ಲಿಗೆ. ಹುಡುಗನಿಗೆ “ನೋಡಯ್ಯ, ಹಳೇ ಲೇಔಟು” ಎಂದೆ. ಅದು ತಮಾಷೆಯ ಮಾತು, ಪೂರ್ತಿ ನ್ಯಾಯದ್ದೂ ಅಲ್ಲ. ಈಗಿನ ಡೆವಲಪರು ಅಂಥ ಗುಡಿ ಕಟ್ಟಿಸುವುದಿಲ್ಲ, ಕಮಾನು ಕಟ್ಟಿಸುತ್ತಾನೆ. ಆದರೆ ಕಟ್ಟಿಸಿದವನ ಹೆಸರು ಉಳಿದು, ಅಲ್ಲಿ ಬಗ್ಗಿದವರ ಹೆಸರು ಉಳಿಯದಿರುವ ರೀತಿ ಹಳೆಯದೇ.

ಹಾಗಾದರೆ ಇದನ್ನು ಓದಲು ಕಲಿಸುವ ಬರಹ ನಮ್ಮಲ್ಲಿ ಇಲ್ಲವೇ? ಇದೆ, ಇದೇ ನೆಲದ್ದು. ದೇವನೂರು ನಂಜನಗೂಡು ತಾಲ್ಲೂಕಿನ ಊರು. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನ ಮನೆಯ ಗೋಡೆಯ ಮೇಲೆ ಹುಡುಗಿಯೊಬ್ಬಳು ನವಿಲು ಬರೆಯುತ್ತಾಳೆ. ಪಟ್ಟಿಯಲ್ಲಿದ್ದ ‘ಗೋಡೆಯ ಮೇಲೆ ಚಿತ್ರ’ ಎಂಬ ಗುರುತಿಗೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಅದು. ಆ ಮನೆಯನ್ನು ಕೊಳ್ಳಲು ಯಾರೂ ಬರುವುದಿಲ್ಲ. ಸಾಹುಕಾರನ ಕಡಲೆಕಾಯಿ ಹುಡುಕಿಕೊಂಡು ಪೊಲೀಸರು ಬರುತ್ತಾರೆ. ಹೊರಗಿನ ಲೋಕ ಕೇರಿಯ ಹೊಸ್ತಿಲು ದಾಟುವುದು ಇಂಥ ಕಾರಣಕ್ಕೆ ಮಾತ್ರ ಎಂಬುದನ್ನು ಆ ಪುಟ್ಟ ಪುಸ್ತಕ ಹೇಳಿದಷ್ಟು ಸ್ಪಷ್ಟವಾಗಿ ಯಾವ ನಗರ ಅಧ್ಯಯನವೂ ನನಗೆ ಹೇಳಿಲ್ಲ. ನಾವು ಅದನ್ನು ಭಾಷೆಗಾಗಿ ಓದಿದೆವು, ಹಸಿವಿಗಾಗಿ ಓದಿದೆವು. ಮನೆಯೊಂದರ ಬೆಲೆ ಯಾರಿಗೆ ಎಷ್ಟು ಎಂದು ಕೇಳಿಕೊಂಡು ಓದಲಿಲ್ಲ. ಸಾಕವ್ವ ಇಂದು ಹುಡುಕಿಕೊಂಡು ಹೊರಟರೆ ಕಳೆದುಹೋದದ್ದು ಹುಂಜವಾಗಿರಲಿಕ್ಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಬೇಕು. ಮೈಸೂರು–ನಂಜನಗೂಡು ರಸ್ತೆಯ ಪಕ್ಕ, ಮೂವತ್ತು ನಲವತ್ತರ ಒಂದು ಸೈಟು ನನ್ನ ಹೆಸರಿನಲ್ಲೂ ಇದೆ. ಸಂಬಳದ ಸಾಲದಲ್ಲಿ ಕೊಂಡದ್ದು. ಮೊದಲ ಸಲ ನೋಡಲು ಹೋದಾಗ ಮೂಲೆಯಲ್ಲಿ ಭತ್ತದ ಕೂಳೆ ಇತ್ತು, ಅದರ ಮೇಲೆ ನಿಂತು ಮನೆಯವರಿಗೆ ಫೋಟೊ ಕಳಿಸಿದ್ದೆ. ಅಲ್ಲಿ ಯಾರು ನಾಟಿ ಹಾಕುತ್ತಿದ್ದರು ಎಂದು ಕೇಳಬೇಕು ಅನ್ನಿಸಿರಲಿಲ್ಲ. ಖಾತೆ ಆಗಿದೆಯೇ ಎಂದು ಕೇಳಿದ್ದೆ.

ವಾಪಸು ಬರುವಾಗ ಹುಡುಗ ಅದೇ ಕಮಾನಿನ ಹತ್ತಿರ ಮತ್ತೆ ಇಳಿದ. ಒಳಗೆ ಹೆಂಗಸೊಬ್ಬಳು ಬದುವಿನ ತೇವದಲ್ಲಿ ಕೂತು ಹೊನಗೊನ್ನೆ ಸೊಪ್ಪು ಕೀಳುತ್ತಿದ್ದಳು. ಮಡಿಲು ಅರ್ಧ ತುಂಬಿತ್ತು. ನಮ್ಮನ್ನು ನೋಡಿ ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು.

“ಸೈಟು ನೋಡಕ ಬಂದೀರಾ ಸಾ?”

“ಇಲ್ಲ ಕನವ್ವ, ಸುಮ್ಕ ಬಂದೋ” ಅಂದ ಹುಡುಗ. ನನ್ನೊಡನೆ ಎರಡು ವಾರ ಆಡಿದ್ದ ಕನ್ನಡವಲ್ಲ ಅದು.

ಅವಳು ಅವನನ್ನೂ ನನ್ನನ್ನೂ ಒಂದು ಸಲ ನೋಡಿ, “ಸುಮ್ಕ ಯಾರ್ ಬಂದರು ಇಲ್ಲಿಗ” ಎಂದು ಮತ್ತೆ ಕೂತು ಸೊಪ್ಪಿಗೆ ಕೈ ಹಾಕಿದಳು.