ಕೀಲಿ ಕೊಟ್ಟು ಹಡಗು ಹತ್ತಿ

ಕ್ರೂಸ್ ಪ್ರವಾಸದ ಬಗ್ಗೆ ಬರೆಯುವವರೆಲ್ಲ ಹಡಗಿನಿಂದಲೇ ಶುರು ಮಾಡುತ್ತಾರೆ: ಎಷ್ಟು ಮಹಡಿ, ಎಷ್ಟು ಈಜುಕೊಳ, ಸಸ್ಯಾಹಾರಿಗಳ ಊಟದ ಗತಿ ಏನು. ಬಾಡಿಗೆ ಕಾರುಗಳ ಹುಚ್ಚು ಹತ್ತಿಸಿಕೊಂಡ ನನ್ನ ಲೆಕ್ಕದಲ್ಲಿ ಆ ಪ್ರವಾಸದ ಅತಿ ಕಷ್ಟದ ಭಾಗ ನೆಲದ ಮೇಲೆಯೇ ಮುಗಿದುಹೋಗುತ್ತದೆ. ಹಡಗು ಹತ್ತುವ ಮೊದಲು ಕಾರನ್ನು ವಾಪಸ್ ಕೊಡಬೇಕಲ್ಲ, ಅದು. ಸರಿಯಾಗಿ ಮಾಡಿದರೆ ಯಾರ ಗಮನಕ್ಕೂ ಬರುವುದಿಲ್ಲ; ಎಡವಟ್ಟಾದರೆ ಮನೆಮಂದಿಯೆಲ್ಲ ವರ್ಷಗಟ್ಟಲೆ ಎತ್ತಿ ಆಡುತ್ತಾರೆ.

ಅಮೆರಿಕದಲ್ಲಿರುವ ಮಕ್ಕಳು ಅಪ್ಪ-ಅಮ್ಮನನ್ನು ಕರೆಸಿಕೊಂಡಾಗ ಹಾಕುವ ಕಾರ್ಯಕ್ರಮಗಳಲ್ಲಿ ಫ್ಲಾರಿಡಾಕ್ಕೆ ಈಗ ಖಾಯಂ ಜಾಗ. ಒರ್ಲ್ಯಾಂಡೊದಲ್ಲಿ ಇಳಿಯುವುದು, ಏರ್‌ಪೋರ್ಟಿನಲ್ಲೇ ಏಳು ಸೀಟಿನ ವ್ಯಾನ್ ಬಾಡಿಗೆಗೆ ಹಿಡಿಯುವುದು, ಡಿಸ್ನಿ ವರ್ಲ್ಡ್ ಮುಗಿಸಿ ಕೆನಡಿ ಸ್ಪೇಸ್ ಸೆಂಟರ್ ನೋಡುವುದು, ಕೊನೆಗೆ ಪೋರ್ಟ್ ಕನಾವೆರಲ್‌ನಿಂದ ಬಹಾಮಾಸ್ ಕಡೆಗೆ ಮೂರು-ನಾಲ್ಕು ರಾತ್ರಿಯ ಹಡಗು. ಕಾಗದದ ಮೇಲೆ ಇದು ಬಲು ಸಲೀಸು. ಕಾರು ಒಂದು ಕಡೆ ಬಿಟ್ಟು ಹಡಗು ಇನ್ನೊಂದು ಕಡೆ ಹತ್ತುವ ಆ ಬೆಳಗ್ಗೆಯೊಂದನ್ನು ಬಿಟ್ಟು.

ಗಡಿಬಿಡಿ ಏಕೆ ಎಂದರೆ, ಹಡಗಿನ ಗಡಿಯಾರಕ್ಕೆ ಕರುಣೆಯಿಲ್ಲ. ಸಂಜೆ 4ಕ್ಕೆ ಹೊರಡುತ್ತದೆ ಎಂದು ಟಿಕೆಟ್ಟಿನಲ್ಲಿದ್ದರೆ 4ರವರೆಗೆ ಸಮಯವಿದೆ ಎಂದಲ್ಲ. ಪ್ರಯಾಣಿಕರ ಪಟ್ಟಿಯನ್ನು ಹಡಗು ಹೊರಡುವ 60 ನಿಮಿಷ ಮೊದಲೇ ಅಮೆರಿಕದ ಗಡಿ ಇಲಾಖೆಗೆ ಕಳುಹಿಸಬೇಕೆಂಬ ನಿಯಮವಿದೆ. ಹೀಗಾಗಿ ಕ್ರೂಸ್ ಕಂಪನಿಗಳು 60ರಿಂದ 90 ನಿಮಿಷ ಮೊದಲೇ ಚೆಕ್-ಇನ್ ಮುಚ್ಚುತ್ತವೆ. ಆಮೇಲೆ ಬಂದವರಿಗೆ ಎದುರಿಗೇ ಹಡಗು ನಿಂತಿದ್ದರೂ ಪ್ರವೇಶವಿಲ್ಲ. ಮುಂದಿನ ಬಂದರಿನಲ್ಲಿ ಹಿಡಿಯೋಣ ಎಂದರೆ ವಿಮಾನದ ಖರ್ಚು ನಿಮ್ಮದೇ. ಅದೂ ಎಲ್ಲ ಸಲ ಆಗುವ ಮಾತಲ್ಲ. ವಿದೇಶಿ ಬಾವುಟದ ಹಡಗು ಪ್ರಯಾಣಿಕರನ್ನು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡು ಇನ್ನೊಂದು ಬಂದರಿನಲ್ಲಿ ಇಳಿಸುವುದಕ್ಕೆ 1886ರ ಕಾನೂನೊಂದು ಅಡ್ಡ ಬರುತ್ತದೆ. ದೊಡ್ಡ ಕ್ರೂಸ್ ಹಡಗುಗಳು ಬಹುಪಾಲು ಬಹಾಮಾಸ್, ಪನಾಮಾ, ಮಾಲ್ಟಾದಂಥ ದೇಶಗಳಲ್ಲಿ ನೋಂದಣಿಯಾದವು. ಮಯಾಮಿಯಲ್ಲಿ ತಪ್ಪಿದ ಹಡಗನ್ನು ಅದೇ ಫ್ಲಾರಿಡಾದ ಕೀ ವೆಸ್ಟ್‌ನಲ್ಲಿ ಹತ್ತಿ ಮತ್ತೆ ಮಯಾಮಿಯಲ್ಲಿ ಇಳಿಯುತ್ತೇನೆ ಎಂದು ಹೊರಟವರಿಗೆ ಈ ಹಳೆಯ ಕಾನೂನು ಎದುರಾಗುತ್ತದೆ.

ಬಾಡಿಗೆ ಕಾರಿನ ಶಾಖೆಗೂ ತನ್ನದೇ ಗಡಿಯಾರವಿದೆ, ಎರಡಕ್ಕೂ ತಾಳಮೇಳವಿಲ್ಲ. ಹಡಗುಗಳು ಹೊರಡುವುದು ವಾರಾಂತ್ಯದಲ್ಲೇ ಜಾಸ್ತಿ. ಊರೊಳಗಿನ ಶಾಖೆಗಳೋ ಶನಿವಾರ ಮಧ್ಯಾಹ್ನಕ್ಕೇ ಬಾಗಿಲು ಎಳೆಯುತ್ತವೆ, ಭಾನುವಾರ ಎಷ್ಟೋ ಕಡೆ ತೆರೆಯುವುದೇ ಇಲ್ಲ. ಬಾಗಿಲು ಮುಚ್ಚಿದ್ದರೆ ಕೀಲಿಯನ್ನು ಗೋಡೆಯ ಪೆಟ್ಟಿಗೆಗೆ ಹಾಕಿ ಹೋಗಬಹುದು ಎಂದು ಸಮಾಧಾನ ಹೇಳುವವರಿದ್ದಾರೆ. ಹಾಗೆ ಮಾಡುವ ಮುನ್ನ ಕರಾರುಪತ್ರ ಓದಿ. ಸಾಮಾನ್ಯವಾಗಿ ಶಾಖೆಯ ಸಿಬ್ಬಂದಿ ಬಂದು ಕಾರನ್ನು ವಶಕ್ಕೆ ಪಡೆಯುವವರೆಗೂ ಅದರ ಜವಾಬ್ದಾರಿ ನಿಮ್ಮದೇ. ಭಾನುವಾರ ಹಾಕಿದ ಕೀಲಿಯನ್ನು ಅವರು ಸೋಮವಾರ ಕೈಗೆತ್ತಿಕೊಳ್ಳುವಾಗ ನೀವು ನಡುನೀರಿನಲ್ಲಿ ಇರುತ್ತೀರಿ. ಈ ನಡುವೆ ಯಾರೋ ಬಂದು ಬಂಪರ್ ತಾಗಿಸಿ ಹೋದರೂ ಉತ್ತರ ಕೊಡಬೇಕಾದವರು ನೀವು.

ಕಾರನ್ನು ಯಾವಾಗ ಕೊಡಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಅದನ್ನು ತೀರ್ಮಾನಿಸುವುದು ಬಂದರು.

ಫೋರ್ಟ್ ಲಾಡರ್‌ಡೇಲ್ ಅತಿ ಸುಲಭ. ಅಲ್ಲಿನ ಪೋರ್ಟ್ ಎವರ್‌ಗ್ಲೇಡ್ಸ್ ಬಂದರು ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ಬಾಡಿಗೆ ಕಂಪನಿಗಳೆಲ್ಲ ಏರ್‌ಪೋರ್ಟಿನ ಒಂದೇ ಕಟ್ಟಡದಲ್ಲಿವೆ, ವಾರಾಂತ್ಯವೆಂದು ಬಾಗಿಲು ಹಾಕುವುದಿಲ್ಲ. ಅಲ್ಲಿ ಬೆಳಗ್ಗೆ ತಿಂಡಿ ತಿಂದು ಕಾರು ಕೊಟ್ಟು ಟ್ಯಾಕ್ಸಿ ಹಿಡಿದರೆ ಹತ್ತು-ಹದಿನೈದು ನಿಮಿಷದ ದಾರಿ. ಮಯಾಮಿ ಸ್ವಲ್ಪ ಬಿಗಿ. ಬಂದರು ಇರುವುದು ಬಿಸ್ಕೇನ್ ಕೊಲ್ಲಿಯ ಡಾಡ್ಜ್ ದ್ವೀಪದಲ್ಲಿ. ಕಾರು ಕೊಡುವ ಕೇಂದ್ರ ವಿಮಾನ ನಿಲ್ದಾಣದ ಬಳಿ. 2014ರಲ್ಲಿ ಸಮುದ್ರದಡಿಯ ಸುರಂಗ ತೆರೆದ ಮೇಲೆ ಪೇಟೆಯ ಸಂಚಾರಕ್ಕೆ ಸಿಗದೆ ಬಂದರು ಸೇರಬಹುದು. ಆದರೂ 2024ರ ಜನವರಿಯಿಂದ ಅಲ್ಲಿಂದ ಹೊರಡುತ್ತಿರುವ ಐಕಾನ್ ಆಫ್ ದಿ ಸೀಸ್‌ನಂಥ ಹಡಗು ಶನಿವಾರ ಕಟ್ಟೆಗೆ ಬಂದು ನಿಂತಿತೆಂದರೆ ಏಳು ಸಾವಿರದಷ್ಟು ಜನ ಇಳಿದು, ಸುಮಾರು ಅಷ್ಟೇ ಜನ ಹತ್ತಬಲ್ಲರು. ಅಂಥ ಹಡಗು ಒಂದೇ ಇರುವುದಿಲ್ಲ ಎಂಬುದನ್ನೂ ನೆನಪಿಡಿ. ಮಯಾಮಿಯಲ್ಲಿ ಬೆಳಗ್ಗೆ 9ರೊಳಗೆ ಕೀಲಿ ಕೈಬಿಟ್ಟಿರಬೇಕು.

ಪೋರ್ಟ್ ಕನಾವೆರಲ್‌ನ ಕಥೆಯೇ ಬೇರೆ. ಒರ್ಲ್ಯಾಂಡೊ ಏರ್‌ಪೋರ್ಟಿನಿಂದ ಅದು ಸುಮಾರು 70 ಕಿ.ಮೀ. ದೂರ, ಬೀಚ್‌ಲೈನ್ ಎಂಬ ಟೋಲ್ ರಸ್ತೆಯಲ್ಲಿ ಮುಕ್ಕಾಲು ಗಂಟೆಯ ಪ್ರಯಾಣ. ಕಾರನ್ನು ಏರ್‌ಪೋರ್ಟಿನಲ್ಲೇ ಕೊಟ್ಟರೆ ಅಷ್ಟು ದೂರಕ್ಕೆ ಮತ್ತೊಂದು ವಾಹನ ಹಿಡಿಯಬೇಕು. ಅದಕ್ಕೇ ಹೆಚ್ಚಿನವರು ಬಂದರಿನ ಪಕ್ಕದ ಕೇಪ್ ಕನಾವೆರಲ್, ಕೊಕೊ ಬೀಚ್ ಊರುಗಳ ಶಾಖೆಗಳಲ್ಲಿ ಕಾರು ಬಿಡುತ್ತಾರೆ. ಅಲ್ಲಿಂದ ಟರ್ಮಿನಲ್‌ಗೆ ಕಂಪನಿಯ ವ್ಯಾನ್ ಇರುತ್ತದೆ. ಒಂದೂರಲ್ಲಿ ತೆಗೆದುಕೊಂಡು ಇನ್ನೊಂದೂರಲ್ಲಿ ಬಿಡುವುದಕ್ಕೆ ಹೆಚ್ಚುವರಿ ದರ ಬೀಳಬಹುದು, ಬುಕ್ ಮಾಡುವಾಗಲೇ ಒಟ್ಟು ಮೊತ್ತದಲ್ಲಿ ಅದು ಸೇರಿದೆಯೇ ನೋಡಿಕೊಳ್ಳಿ.

ಬಂದರನ್ನು ನಕ್ಷೆಯಲ್ಲಿ ಒಮ್ಮೆ ನೋಡಿ. 1 ಮತ್ತು 3ನೇ ಟರ್ಮಿನಲ್‌ಗಳು ದಕ್ಷಿಣ ದಡದಲ್ಲಿವೆ; 5, 6, 8, 10 ಉತ್ತರ ದಡದಲ್ಲಿ. ಡಿಸ್ನಿ ಹಡಗುಗಳು 1998ರಿಂದ ಬಳಸುತ್ತಿರುವ 8ನೇ ಟರ್ಮಿನಲ್ ಉತ್ತರದ್ದು. ಬಾಡಿಗೆ ಶಾಖೆಗಳು ಇರುವುದು ದಕ್ಷಿಣದ ಊರುಗಳಲ್ಲಿ. ಉತ್ತರ ದಡಕ್ಕೆ ಹೋಗುವ ರಸ್ತೆ ಕಾಲುವೆಯ ಮೇಲಿನ ಸೇತುವೆಯೊಂದನ್ನು ದಾಟಬೇಕು. ದೋಣಿ ಬಂದಾಗ ಆ ಸೇತುವೆ ಮೇಲೇಳುತ್ತದೆ, ರಸ್ತೆಯ ಮೇಲಿನವರು ಕಾಯುತ್ತಾರೆ. ಪಕ್ಕದ ಉಡಾವಣಾ ಕೇಂದ್ರದಿಂದ ರಾಕೆಟ್ ಹಾರುವ ದಿನವಾದರಂತೂ ನೋಡಲು ಬಂದವರ ಕಾರುಗಳಿಂದ ರಸ್ತೆಯೇ ತುಂಬಿರುತ್ತದೆ. ಉಡಾವಣೆಯ ವೇಳಾಪಟ್ಟಿ ಮೊದಲೇ ಸಿಗುತ್ತದೆ, ನೋಡಿಟ್ಟುಕೊಳ್ಳುವುದು ಕ್ಷೇಮ.

ಶಾಖೆಯೊಳಗಿನ ಬೆಳಗ್ಗೆ ಹೇಗಿರುತ್ತದೆ ಗೊತ್ತೆ? ನೀವು ಹತ್ತಬೇಕಾದ ಹಡಗಿನಿಂದ ಅಂದೇ ಬೆಳಗ್ಗೆ ಸಾವಿರಾರು ಜನ ಇಳಿದಿರುತ್ತಾರೆ. ಅವರಿಗೆ ಕಾರು ಬೇಕು. 8ರಿಂದ 11ರವರೆಗೆ ವ್ಯಾನುಗಳು ಬಂದರಿನಿಂದ ಅವರನ್ನು ತುಂಬಿಕೊಂಡು ಬಂದು ಸುರಿಯುತ್ತವೆ. ಕೌಂಟರ್ ಮುಂದೆ ಸಾಲು, ಹೊರಗೆ ಸೂಟ್‌ಕೇಸುಗಳ ಗುಡ್ಡೆ. ಈ ಗದ್ದಲದಲ್ಲೂ ಒಂದು ಅನುಕೂಲವಿದೆ: ತುಂಬಿ ಬಂದ ವ್ಯಾನು ಬಂದರಿಗೆ ಖಾಲಿಯಾಗಿ ವಾಪಸಾಗುತ್ತದೆ. 9ರ ಆಸುಪಾಸಿನಲ್ಲಿ ಕಾರು ಕೊಟ್ಟವರಿಗೆ ಅದರಲ್ಲಿ ಆರಾಮವಾಗಿ ಸೀಟು. ಹೋಟೆಲಿನ ಚೆಕ್‌ಔಟ್ ಮುಗಿಸಿ 11 ದಾಟಿದ ಮೇಲೆ ಬಂದವರಿಗೆ ಇಳಿದವರ ಸಾಲೂ ಇಲ್ಲ, ಖಾಲಿ ವ್ಯಾನೂ ಇಲ್ಲ. ಅವರಂತೆಯೇ ಹಡಗು ಹತ್ತಲು ಹೊರಟವರ ನೂಕುನುಗ್ಗಲು ಮಾತ್ರ.

ಇಷ್ಟೆಲ್ಲ ತೂಗಿ ನೋಡಿ ನಾನು ಕನಾವೆರಲ್‌ಗೆ ಹೇಳುವುದು ಇಷ್ಟೇ: ಕಾರನ್ನು ಹಿಂದಿನ ದಿನವೇ ಕೊಟ್ಟುಬಿಡಿ. ಮಧ್ಯಾಹ್ನದ ಹೊತ್ತಿಗೆ ಹೋಟೆಲಿಗೆ ಬಂದು ಮನೆಯವರನ್ನೂ ಸಾಮಾನನ್ನೂ ಇಳಿಸಿ, ಶಾಖೆ ಮುಚ್ಚುವ ಮೊದಲು ಒಬ್ಬರೇ ಹೋಗಿ ಕೀಲಿ ಒಪ್ಪಿಸಿ ಬನ್ನಿ. ಬೆಳಗ್ಗೆ ಟರ್ಮಿನಲ್‌ಗೆ ಬಿಡಲು ಅಲ್ಲಿನ ಅನೇಕ ಹೋಟೆಲುಗಳಲ್ಲಿ ವ್ಯಾನ್ ವ್ಯವಸ್ಥೆ ಇರುತ್ತದೆ, ಇಲ್ಲದಿದ್ದರೆ ಟ್ಯಾಕ್ಸಿ. ಬಾಡಿಗೆಯ ಒಂದು ದಿನವೆಂದರೆ 24 ಗಂಟೆ, ಕ್ಯಾಲೆಂಡರಿನ ದಿನವಲ್ಲ. ಮಧ್ಯಾಹ್ನ 2ಕ್ಕೆ ತೆಗೆದುಕೊಂಡ ಕಾರನ್ನು ಮಧ್ಯಾಹ್ನ 2ಕ್ಕೆ ಕೊಟ್ಟರೆ ಲೆಕ್ಕ ಚುಕ್ತಾ; ಹೆಚ್ಚಿನ ಕಂಪನಿಗಳು ಕೊಡುವ ಅರ್ಧ ಗಂಟೆಯಷ್ಟು ರಿಯಾಯಿತಿಯನ್ನೂ ದಾಟಿ ಮರುದಿನ ಬೆಳಗಿನವರೆಗೆ ಇಟ್ಟುಕೊಂಡರೆ ಇನ್ನೊಂದು ಪೂರ್ತಿ ದಿನದ ಬಾಡಿಗೆ. ಹಿಂದಿನ ದಿನ ಕೊಡುವುದರಿಂದ ಉಳಿಯುವ ಆ ದುಡ್ಡಿನಲ್ಲಿ ಟ್ಯಾಕ್ಸಿಯ ಖರ್ಚು ಹೆಚ್ಚುಕಡಿಮೆ ಕಳೆದುಹೋಗುತ್ತದೆ.

ಇನ್ನು ಕಾರಿನ ಪಾಡು. ಪೆಟ್ರೋಲ್ ತುಂಬಿಸಿ ಕೊಡಬೇಕೆಂಬ ಕರಾರಿದ್ದರೆ ಶಾಖೆಯ ಹತ್ತಿರದ ಬಂಕ್‌ನಲ್ಲೇ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಭಾರತದ ಕಾರ್ಡ್ ಹಿಡಿದು ಬಂದ ಅಪ್ಪಂದಿರು ಪಂಪಿನ ಮುಂದೆ ತಡವರಿಸುವುದನ್ನು ನೋಡಿದ್ದೇನೆ. ಯಂತ್ರ ಅಮೆರಿಕದ ಐದಂಕಿಯ ಪಿನ್‌ಕೋಡ್ ಕೇಳುತ್ತದೆ, ನಮ್ಮ ಆರಂಕಿ ಅದಕ್ಕೆ ಒಗ್ಗುವುದಿಲ್ಲ. ಒಳಗೆ ಅಂಗಡಿಗೆ ಹೋಗಿ ಪಂಪಿನ ಸಂಖ್ಯೆ ಹೇಳಿ, ಅಂದಾಜಿಗಿಂತ ತುಸು ಹೆಚ್ಚು ಮುಂಗಡ ಕೊಟ್ಟರೆ ಆಯಿತು. ತುಂಬಿದ ಮೇಲೆ ಮಿಕ್ಕ ಹಣ ವಾಪಸ್ ಬರುತ್ತದೆ.

ಟೋಲ್‌ನದ್ದು ಇನ್ನೊಂದು ತಕರಾರು. ಫ್ಲಾರಿಡಾದ ಎಷ್ಟೋ ಟೋಲ್‌ಗಳಲ್ಲಿ ದುಡ್ಡು ಕಟ್ಟುವ ಗೂಡೇ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟಿನ ಚಿತ್ರ ತೆಗೆಯುತ್ತದೆ, ಬಿಲ್ಲು ಬಾಡಿಗೆ ಕಂಪನಿಗೆ ಹೋಗುತ್ತದೆ, ಕಂಪನಿ ತನ್ನ ಸೇವಾ ಶುಲ್ಕ ಸೇರಿಸಿ ನಿಮ್ಮ ಕಾರ್ಡಿಗೆ ಹಾಕುತ್ತದೆ. ಇದನ್ನು ತಪ್ಪಿಸಲು ಒರ್ಲ್ಯಾಂಡೊ ಏರ್‌ಪೋರ್ಟಿನಲ್ಲಿ ಪ್ರವಾಸಿಗರಿಗೆಂದೇ ಕನ್ನಡಿಗೆ ತೂಗುಹಾಕುವ ಉಚಿತ ಪಾಸ್ ಕೊಡುತ್ತಾರೆ. ಆದರೆ ಅದನ್ನು ಏರ್‌ಪೋರ್ಟಿನ ಪೆಟ್ಟಿಗೆಗೇ ಹಿಂದಿರುಗಿಸಬೇಕು. ಕಾರನ್ನು ಬಂದರಿನಲ್ಲಿ ಬಿಡುವವರು ಅದನ್ನು ಜೇಬಿಗಿಳಿಸಿ, ಊರಿಗೆ ಮರಳುವಾಗ ಏರ್‌ಪೋರ್ಟಿನಲ್ಲಿ ಹಾಕಲು ಮರೆಯಬಾರದು. ಕಾರಿನಲ್ಲೇ ಬಿಟ್ಟರೆ ಮುಂದಿನ ಗಿರಾಕಿಯ ಟೋಲ್ ಕೂಡ ನಿಮ್ಮ ತಲೆಗೆ ಬರಬಹುದು.

ಮೇ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ ಹೋದವರಿಗೆ ಲವ್‌ಬಗ್ ಪರಿಚಯವಾಗದೆ ಇರದು. ಜೋಡಿಯಾಗಿ ಹಾರುವ ಕಪ್ಪು ಹುಳು, ಎದೆಯ ಮೇಲೆ ಕೆಂಪು ಚುಕ್ಕೆ. ಹೆದ್ದಾರಿಯಲ್ಲಿ ನೂರಾರು ಹುಳುಗಳು ಬಂಪರಿಗೆ, ಗಾಜಿಗೆ ಬಡಿದು ಅಂಟಿಕೊಳ್ಳುತ್ತವೆ. ಬಿಸಿಲಿನಲ್ಲಿ ಒಂದೆರಡು ದಿನ ಹಾಗೇ ಬಿಟ್ಟರೆ ಬಣ್ಣಕ್ಕೂ ಕಲೆ ಬೀಳುತ್ತದೆ. ಅದರಡಿಯಲ್ಲಿ ಗೀರು ಇದೆಯೋ ಇಲ್ಲವೋ ನಿಮಗೂ ಕಾಣುವುದಿಲ್ಲ, ಕಾರು ಪಡೆಯುವವನಿಗೂ ಕಾಣುವುದಿಲ್ಲ. ಕೊಡುವ ಮೊದಲು ತೊಳೆಸಿ. ಕೊಕೊ ಬೀಚ್‌ನಲ್ಲಿ ಆಡಿ ಬಂದ ಮಕ್ಕಳಿದ್ದರೆ ಕಾಲಡಿಯ ಮ್ಯಾಟ್ ಎತ್ತಿ ಕೊಡವಿ, ಮರಳು ಸೀಟಿನ ಹಳಿಯೊಳಗೂ ಸೇರಿರುತ್ತದೆ. ಆಮೇಲೆ ಹಗಲು ಬೆಳಕಿನಲ್ಲೇ ಫೋಟೊ: ನಾಲ್ಕೂ ಬದಿ, ನಾಲ್ಕೂ ಚಕ್ರ, ಗಾಜು, ಓಡಿದ ಮೈಲಿಯ ಲೆಕ್ಕ ಮತ್ತು ಪೆಟ್ರೋಲ್ ಮುಳ್ಳು ಎರಡೂ ಕಾಣುವಂತೆ ಒಂದು. ನಿಮ್ಮ ಫೋನಿನ ಹೆಸರನ್ನೂ ಸಂಪರ್ಕ ಪಟ್ಟಿಯನ್ನೂ ಕಾರಿನ ಪರದೆಯಿಂದ ಅಳಿಸಿಬಿಡಿ.

ಹಡಗಿನ ದಿನವೇ ಕಾರು ಕೊಡಬೇಕಾದ ಪ್ರಸಂಗ ಬಂದರೆ ಮೊದಲು ಮನೆಯವರನ್ನು ಟರ್ಮಿನಲ್‌ನಲ್ಲಿ ಇಳಿಸಿ, ಆಮೇಲೆ ಚಾಲಕ ಒಬ್ಬನೇ ಶಾಖೆಗೆ ಹೋಗುವುದು ರೂಢಿ. ಅಲ್ಲೊಂದು ಎಚ್ಚರಿಕೆ ಬೇಕು. ಕನಾವೆರಲ್‌ನ ಟರ್ಮಿನಲ್ ಮುಂದೆ ಡಿಕ್ಕಿ ತೆರೆದಿಟ್ಟುಕೊಂಡಿದ್ದ ಕನ್ನಡದ ಕುಟುಂಬವೊಂದನ್ನು ಕಂಡೆ. ಅತ್ತೆ-ಮಾವ ನೆರಳಿಗೆ ಸರಿದಿದ್ದರು, ಸಾಮಾನೆಲ್ಲ ಪೋರ್ಟರ್‌ನ ಪಂಜರದ ಗಾಡಿಗೆ ಏರಿತ್ತು, ಗಂಡ ಸ್ಟೀರಿಂಗ್ ಮುಂದೆ ಕೂತಾಗಿತ್ತು.

"ರೀ, ನಿಮ್ಮ ಪಾಸ್‌ಪೋರ್ಟ್ ತಗೊಂಡ್ರಾ?"

"ಎಲ್ಲರದ್ದೂ ಒಟ್ಟಿಗೇ ಇದೆಯಲ್ಲೇ, ಆ ನೀಲಿ ಬ್ಯಾಗಲ್ಲಿ."

ನೀಲಿ ಬ್ಯಾಗು ಗಾಡಿಯ ತಳದಲ್ಲಿತ್ತು, ಮೇಲೆ ಬೇರೆಯವರ ಸೂಟ್‌ಕೇಸುಗಳೂ ಬಿದ್ದಿದ್ದವು. ಪೋರ್ಟರ್ ಒಂದು ಮಾತೂ ಆಡದೆ ಒಂದೊಂದಾಗಿ ಎಲ್ಲ ಇಳಿಸಿದ. ಅವನ ಮುಖ ನೋಡಿದರೆ ಇದು ದಿನನಿತ್ಯದ ಕೆಲಸ ಎಂದು ತಿಳಿಯುತ್ತಿತ್ತು. ಅಲ್ಲಿ ಪೋರ್ಟರ್‌ಗೆ ಕೊಟ್ಟ ಚೀಲ ಕೋಣೆಯ ಬಾಗಿಲಿಗೆ ಬರುವುದು ಸಂಜೆಯ ಹೊತ್ತಿಗೆ. ಪಾಸ್‌ಪೋರ್ಟ್, ವೀಸಾ ಕಾಗದ, ಬೋರ್ಡಿಂಗ್ ಪಾಸ್, ಹಿರಿಯರ ಬಿಪಿ-ಶುಗರ್ ಮಾತ್ರೆ ಇವೆಲ್ಲ ಕೈಚೀಲದಲ್ಲೇ ಇರಲಿ. ಚಾಲಕನ ಪಾಸ್‌ಪೋರ್ಟ್ ಚಾಲಕನ ಜೇಬಿನಲ್ಲೇ ಇರಲಿ.

ಕೀಲಿ ಕೊಟ್ಟ ಮೇಲೆ ಇ-ಮೇಲ್ ಬರುತ್ತದೆ ಹೋಗಿ ಎಂದು ಕೌಂಟರಿನವರು ಹೇಳುತ್ತಾರೆ. ಬರುವವರೆಗೆ ಅಲ್ಲೇ ನಿಲ್ಲಿ. ಅಂತಿಮ ರಸೀದಿಯಲ್ಲಿ ಕಾರು ಕೊಟ್ಟ ಸಮಯ, ಪೆಟ್ರೋಲ್ ಮಟ್ಟ, ಒಟ್ಟು ಮೊತ್ತ ಮೂರೂ ಇವೆಯೇ ಎಂದು ಓದಿ. ಹಡಗು ದಡ ಬಿಟ್ಟ ಮೇಲೆ ಫೋನಿನ ರೋಮಿಂಗ್ ದರ ಮೈಮೇಲೆ ಬರುವಷ್ಟಿರುತ್ತದೆ, ಹೆಚ್ಚಿನವರು ಏರ್‌ಪ್ಲೇನ್ ಮೋಡ್‌ಗೆ ಹಾಕಿಬಿಡುತ್ತಾರೆ. ಆ ಹೊತ್ತಿನಲ್ಲಿ ಕಂಪನಿಯಿಂದ ತಕರಾರಿನ ಪತ್ರ ಬಂದರೂ ನೀವು ನೋಡುವುದು ಇಳಿದ ಮೇಲೆ. ಕೈಯಲ್ಲಿ ರಸೀದಿಯೂ ಫೋಟೊಗಳೂ ಇದ್ದರೆ ಆಗ ವಾದ ಮಾಡಬಹುದು.

ಕಾರನ್ನು ಕೊಡುವುದೇ ಬೇಡ, ಬಂದರಿನಲ್ಲೇ ನಿಲ್ಲಿಸಿ ಹೋಗೋಣ ಎನ್ನುವವರಿಗೂ ಒಂದು ಮಾತು. ಏಳು ರಾತ್ರಿಯ ಪ್ರವಾಸಕ್ಕೆ ಅದು ಶುದ್ಧ ದಂಡ: ನಿಂತ ಕಾರಿಗೆ ಬಾಡಿಗೆಯೂ ತೆರಬೇಕು, ದಿನದ ಲೆಕ್ಕದಲ್ಲಿ ಪಾರ್ಕಿಂಗ್ ಶುಲ್ಕವೂ ತೆರಬೇಕು. ಮೂರು ರಾತ್ರಿಯದಾದರೆ, ಜೊತೆಗೆ ಗಾಲಿಕುರ್ಚಿಯ ಹಿರಿಯರೋ ಎರಡು ಮಕ್ಕಳ ಸೀಟೋ ಇದ್ದರೆ, ಎರಡು ಸಲ ಕಾರು ಬದಲಿಸುವ ರಗಳೆಗಿಂತ ಅದೇ ವಾಸಿ ಎನಿಸಬಹುದು. ಅಲ್ಲಿ ದುಡ್ಡಿಗಿಂತ ಮೈಕೈ ನೋವನ್ನು ಲೆಕ್ಕ ಹಾಕಬೇಕು.

ನಮ್ಮವರು ಹಡಗು ಬುಕ್ ಮಾಡುತ್ತಾರೆ, ಅಗ್ಗದ ಕಾರು ಹುಡುಕುತ್ತಾರೆ, ಆಮೇಲೆ ಹೋಟೆಲು. ಶಾಖೆಯ ಸಮಯ ನೋಡುವುದು ಕಾರಿನಲ್ಲಿ ಕೂತಮೇಲೆ. ಈ ಕ್ರಮವನ್ನು ತಿರುಗಿಸಿ. ಹಡಗಿನ ದಿನ ಗೊತ್ತಾದ ಕೂಡಲೇ ಕಾರು ಬಿಡುವ ಶಾಖೆ ಆ ದಿನ, ಅದರ ಹಿಂದಿನ ದಿನ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ನೋಡಿ. ಆ ಸಮಯಕ್ಕೆ ಹೊಂದುವಂತೆ ಹೋಟೆಲು. ಎಲ್ಲಕ್ಕೂ ಕೊನೆಗೆ ಕಾರು. ಭಾನುವಾರ ಬಾಗಿಲು ಹಾಕುವ ಶಾಖೆಯಲ್ಲಿ ದಿನಕ್ಕೆ ಹತ್ತು ಡಾಲರ್ ಅಗ್ಗಕ್ಕೆ ಸಿಕ್ಕ ಕಾರು ನಿಜವಾಗಿ ಎಷ್ಟು ದುಬಾರಿ ಎಂಬುದು ಹಡಗಿನ ದಿನ ಬೆಳಗ್ಗೆ ಆ ಬಾಗಿಲ ಮುಂದೆ ನಿಂತಾಗಲೇ ಗೊತ್ತಾಗುವುದು.