ಆಡೆಲೆಯ ಚಿತ್ರಪಟದ ಸ್ವಾಮ್ಯವಿಚಾರ

ವಿಯೆನ್ನಾದ ಚಿತ್ರಕಾರನಾದ ಗುಸ್ತಾವ್ ಕ್ಲಿಮ್ಟನು 1907ರಲ್ಲಿ ಮುಗಿಸಿದ ಆಡೆಲೆ ಬ್ಲಾಕ್-ಬಾವರ್ ಎಂಬಾಕೆಯ ಚಿತ್ರಪಟವನ್ನು ಕುರಿತು ಬರೆಯುವವರು ಅದರ ಹೊಂದಗಡನ್ನೂ, 2006ರಲ್ಲಿ ಅದಕ್ಕೆ ಬಂದುದೆಂದು ಹೇಳುವ 13.5 ಕೋಟಿ ಡಾಲರುಗಳ ಬೆಲೆಯನ್ನೂ ವರ್ಣಿಸಿ ತೃಪ್ತರಾಗುವುದುಂಟು. ಆ ಪಟವು ಯಾರ ಸೊತ್ತೆಂಬ ವಿವಾದವಾದರೋ ಬಹುಮಟ್ಟಿಗೆ ಒಂದು ಮರಣಶಾಸನದ ಒಂದೇ ಕ್ರಿಯಾಪದದ ಅರ್ಥವನ್ನು ಅವಲಂಬಿಸಿದ್ದಿತು. ಆದುದರಿಂದ ಇದು ಪಾಠವಿಮರ್ಶೆಗೂ ಸೇರತಕ್ಕ ವಿಷಯವು.

ಆಡೆಲೆಯು 1923ರಲ್ಲಿ ಮರಣಶಾಸನವನ್ನು ಬರೆದು 1925ರಲ್ಲಿ ತೀರಿಕೊಂಡಳು. ಕ್ಲಿಮ್ಟನ ಪಟಗಳನ್ನು ಪತಿಯಾದ ಫರ್ಡಿನಾಂಡನು ತನ್ನ ಕಾಲಾನಂತರ ಆಸ್ಟ್ರಿಯಾದ ಚಿತ್ರಶಾಲೆಗೆ ಸಲ್ಲಿಸಬೇಕೆಂದು ಆಕೆಯು ಅದರಲ್ಲಿ ‘ಬೇಡಿಕೊಂಡಿದ್ದಾಳೆ’, ‘ಕೊಟ್ಟಿದ್ದೇನೆ’ ಎಂದಿಲ್ಲ. ಪತಿಯ ಪಕ್ಷದವರು ಪಟಗಳು ಆತನವೇ ಎಂದು ಆಗಲೇ ತಿಳಿಸಿದರು. ಆದರೆ ಬೇಡಿಕೆಯನ್ನು ನಡೆಸಿಕೊಡುವ ಮಾತನ್ನೂ ಆಡಿದರು. ಸ್ವತ್ವವಿಲ್ಲದವನಿಗೆ ದಾನಾಧಿಕಾರವಿಲ್ಲವೆಂಬುದು ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನನ್ನು ಓದಿದವರಿಗೆ ಹೊಸತಲ್ಲ; ‘ಅಸ್ವಾಮಿವಿಕ್ರಯ’ವೆಂಬ ವ್ಯವಹಾರಪದವೇ ನಮ್ಮಲ್ಲಿದೆ.

1938ರಲ್ಲಿ ಜರ್ಮನಿಯು ಆಸ್ಟ್ರಿಯಾವನ್ನು ನುಂಗಿದಾಗ ಯೆಹೂದ್ಯನಾದ ಫರ್ಡಿನಾಂಡನು ದೇಶಬಿಟ್ಟನು. ಆತನ ಸೊತ್ತನ್ನು ವಿಲೇವಾರಿ ಮಾಡುತ್ತಿದ್ದ ನಾಜಿ ವಕೀಲನು 1941ರಲ್ಲಿ ಈ ಪಟವನ್ನೂ ಮತ್ತೊಂದನ್ನೂ ಚಿತ್ರಶಾಲೆಗೆ ಕೊಟ್ಟು, ಅಲ್ಲಿದ್ದ ಕ್ಲಿಮ್ಟನ ಬೇರೊಂದು ಚಿತ್ರವನ್ನು ಬದಲಿಗೆ ಪಡೆದನು. ನಮ್ಮ ಅಭಿಪ್ರಾಯದಲ್ಲಿ ವಿವಾದದ ಮರ್ಮವು ಇಲ್ಲಿಯೇ ಇದೆ. ಮರಣಶಾಸನದಿಂದಲೇ ಹಕ್ಕು ಬಂದಿದ್ದರೆ ಬದಲಿ ಕೊಡಬೇಕಾದುದೇಕೆ? ಅದೂ ಅಲ್ಲದೆ ಆಗ ಫರ್ಡಿನಾಂಡನು ಬದುಕಿದ್ದನು. ಆಡೆಲೆಯ ಬೇಡಿಕೆಯ ಕಾಲವೇ ಒದಗಿರಲಿಲ್ಲ. ಆತನು 1945ರಲ್ಲಿ ಜೂರಿಚ್‌ನಲ್ಲಿ ಮಡಿದಾಗ ಸೊತ್ತನ್ನು ಸೋದರನ ಮೂವರು ಮಕ್ಕಳಿಗೆ ಬಿಟ್ಟಿದ್ದನು.

ವಾರಸುದಾರರ ವಕೀಲನು 1948ರಲ್ಲಿ ಚಿತ್ರಶಾಲೆಯ ಹಕ್ಕನ್ನು ಒಪ್ಪಿಕೊಂಡನೆಂಬುದು ಪ್ರತಿಪಕ್ಷದ ಪ್ರಬಲವಾದ ವಾದವು. ಇತರ ಕಲಾವಸ್ತುಗಳನ್ನು ಹೊರದೇಶಕ್ಕೆ ಒಯ್ಯಲು ಸರ್ಕಾರದ ಅಪ್ಪಣೆ ಬೇಕಾಗಿದ್ದಾಗ ಬರೆದುಕೊಟ್ಟ ಒಪ್ಪಿಗೆಯನ್ನು ಸ್ವತಂತ್ರವಾದುದೆಂದು ಹೇಗೆ ಎಣಿಸುವುದು?

ವಾರಸುದಾರರಲ್ಲಿ ಒಬ್ಬಳಾದ ಮರಿಯಾ ಆಲ್ಟ್‌ಮನ್ ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 2004ರಲ್ಲಿ ಸ್ವಾಮ್ಯವನ್ನು ನಿರ್ಣಯಿಸಿತೆಂದು ಕೆಲವರು ತಿಳಿದಿರುವುದು ತಪ್ಪು. ಆಸ್ಟ್ರಿಯಾದ ಮೇಲೆ ಅಲ್ಲಿ ದಾವೆ ನಡೆಯಬಹುದೆಂದಷ್ಟೇ ಅದು ಹೇಳಿತು. ಸ್ವಾಮ್ಯವನ್ನು ನಿರ್ಣಯಿಸಿದವರು 2006ರ ಜನವರಿಯಲ್ಲಿ ತೀರ್ಪಿತ್ತ ಆಸ್ಟ್ರಿಯಾದ ಮೂವರು ಪಂಚಾಯಿತರು. ಪಟವು ವಾರಸುದಾರರಿಗೆ ಸಂದು, ಅದೇ ವರ್ಷ ಮಾರಾಟವಾಗಿ ನ್ಯೂಯಾರ್ಕಿನ ನೋಯೆ ಗ್ಯಾಲರಿಯನ್ನು ಸೇರಿತು. ವಿಯೆನ್ನಾದ ಜನರು ನೋಡಲೆಂಬ ಆಡೆಲೆಯ ಆಸೆಯು ಹೀಗೆ ನಿಷ್ಫಲವಾದುದು ಖೇದಕರವೇ. ಕನಿಕರಕ್ಕಾಗಿ ತೀರ್ಪು ಹೀಗಾಯಿತೆನ್ನುವವರು ಇನ್ನೊಂದನ್ನು ಗಮನಿಸಬೇಕು: ಕ್ಲಿಮ್ಟನೇ ಬರೆದ ಅಮಾಲಿ ಝುಕರ್‌ಕಾಂಡ್ಲಳ ಪಟವನ್ನೂ ಈ ವಾರಸುದಾರರು ಕೇಳಿದ್ದರು, ಅದೇ ಪಂಚಾಯಿತರು ಆ ವರ್ಷವೇ ಅದನ್ನು ನಿರಾಕರಿಸಿದರು.