ಸಗೋತ್ರ ಯಂತ್ರಗಳು

ಹಲಸಂಗಿ ಎಂಬ ಊರಿನ ಸುತ್ತಣ ಎರೆನೆಲದ ಹಾದಿಗಳಲ್ಲಿ ಸವೆದ ಓಮ್ನಿಯೊಂದರ ಒಡಲಿಗೆ, ಮೂಲೆಗೆ ಬಿದ್ದ ಮಾರುತಿ 800ರ ಎಂಜಿನ್ನನ್ನು ಹೊಂದಿಸುವ ಗ್ಯಾರೇಜಿನ ಮೇಸ್ತ್ರಿಗೆ ಯಂತ್ರಗಳ ವಂಶಾವಳಿ ಕರತಲಾಮಲಕವಾಗಿರಬೇಕು. ಎರಡೂ ಮೂರು ಸಿಲಿಂಡರಿನ, 796 ಸಿ.ಸಿ.ಯ ಸಗೋತ್ರಗಳೇ ಸರಿ; ಆದರೆ 800ರಲ್ಲಿ ಅಡ್ಡಲಾಗಿ ಕುಳಿತು ಮುಂದಿನ ಗಾಲಿಗಳನ್ನು ತಿರುಗಿಸುತ್ತಿದ್ದ ಯಂತ್ರವು ಓಮ್ನಿಯಲ್ಲಿ ಆಸನದಡಿ ಉದ್ದಕ್ಕೆ ವಾಲಿಕೊಂಡು ಹಿಂದಿನ ಗಾಲಿಗಳನ್ನು ನಡೆಸಬೇಕಾದುದರಿಂದ, ಬ್ಲಾಕು 800ರಿಂದ ಬಂದರೂ ಆಯಿಲ್ ಸಂಪು, ಮ್ಯಾನಿಫೋಲ್ಡು, ಮೌಂಟಿಂಗುಗಳೆಲ್ಲ ಓಮ್ನಿಯ ಹಳೆಯ ಎಂಜಿನ್ನಿನಿಂದಲೇ ಕಳಚಿ ಬರತಕ್ಕವು. ಈ ವಿವೇಚನೆ, ಯಾವುದನ್ನು ಉಳಿಸಬೇಕು, ಯಾವುದನ್ನು ತೊರೆಯಬೇಕೆಂಬುದು, ನನ್ನ ಮೆಚ್ಚುಗೆಯ ಮೂಲ. ಕಾರ್ಬುರೇಟರಿನ ಕಾಲದ ಗಾಡಿಗೆ ಇಂಜೆಕ್ಷನ್ನಿನ ಎಂಜಿನ್ ತಂದವನಿಗಂತೂ ವೈರಿಂಗಿನ ಜಟಿಲತೆಯೇ ಸಾಕಷ್ಟು ಶಿಕ್ಷೆ! ಗ್ಯಾಸ್ಕೆಟ್ಟಿನ ವಿಷಯದಲ್ಲಿ ಜಿಪುಣತನ ಸಲ್ಲದು. ಅದನ್ನು ಹೊಸದಾಗಿಯೇ ಕೊಳ್ಳತಕ್ಕದ್ದು. ಸಾರಿಗೆ ಕಚೇರಿಯ ಒಪ್ಪಿಗೆ ಪಡೆದು ಆರ್.ಸಿ.ಯಲ್ಲಿ ಎಂಜಿನ್ ಸಂಖ್ಯೆಯನ್ನು ತಿದ್ದಿಸುವುದು ಮಾತ್ರ ಮೇಸ್ತ್ರಿಯ ವಿದ್ಯೆಗೆ ಹೊರತಾದ ಕೆಲಸ.